ಹೊಲದ ಮನೆ ರೂಟರಿಗೆ ವಿಪಿಎನ್

ಕುರಿರೊಪ್ಪಕ್ಕೆ, ಪಂಪ್‌ಸೆಟ್ ಮನೆಗೆ ಕ್ಯಾಮೆರಾ ಹಾಕಿಸುವುದು ನಮ್ಮ ಬಯಲುಸೀಮೆಯಲ್ಲೂ ಶುರುವಾಗಿದೆ. ಸಂತೆಯಲ್ಲಿ ನಿಂತು ಫೋನಿನಲ್ಲೇ ರೊಪ್ಪ ನೋಡಬಹುದು. ಆದರೆ ಜೋಡಿಸಲು ಬರುವ ಕೆಲ ಹುಡುಗರು ರೂಟರಿನಲ್ಲಿ ಕ್ಯಾಮೆರಾದ 'ಪೋರ್ಟ್' ತೆರೆದಿಟ್ಟು ಹೋಗ್ತಾರೆ. ಇದು ಬೇಲಿಯಲ್ಲಿ ಕಂಡಿ ಬಿಟ್ಟ ಹಾಗೆ. ನಾವು ನುಗ್ಗೋ ಕಂಡಿಯಲ್ಲಿ ಕಳ್ಳನೂ ನುಗ್ತಾನೆ. 2016ರಲ್ಲಿ 'ಮಿರಾಯ್' ಎಂಬ ಕಳ್ಳ ಪ್ರೋಗ್ರಾಂ, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶ ಮಾಡಿಕೊಂಡಿತ್ತು. ರೊಪ್ಪದಲ್ಲಿ ಯಾರೂ ಇಲ್ಲ ಅನ್ನೋದು ಬೇರೆಯವರಿಗೂ ಕಾಣೋದಾದರೆ ಕ್ಯಾಮೆರಾ ಹಾಕಿಸಿ ಏನು ಬಂತು?

ಇದಕ್ಕೆ ರೂಟರಿನಲ್ಲೇ ವಿಪಿಎನ್ ಹಾಕಬೇಕು. ನಮ್ಮ ಫೋನಿಗೂ ಹೊಲದ ಮನೆಗೂ ನಡುವೆ ಬೀಗ ಹಾಕಿದ ಒಳದಾರಿ ಅದು. (ಕಂಪನಿಯ ಆ್ಯಪ್‌ನಲ್ಲೇ ನೋಡುವ ಕ್ಯಾಮೆರಾಗಳ ಲೆಕ್ಕ ಬೇರೆ.)

ದುಡ್ಡು ಖರ್ಚು ಮಾಡೋ ಮೊದಲು ಒಂದು ನೋಡಿ. ರೂಟರಿನ ಪುಟದಲ್ಲಿ 'ವ್ಯಾನ್ ಐಪಿ' ಎಂಬ ಅಂಕಿ ಇರುತ್ತದೆ. ಅದು 10ರಿಂದಲೋ, 100.64ರಿಂದ 100.127ರ ಒಳಗಿನ ಅಂಕಿಯಿಂದಲೋ ಶುರುವಾದರೆ ನಿಮಗೆ ಸ್ವಂತ ವಿಳಾಸ ಇಲ್ಲ, ಹಲವು ಮನೆಗಳಿಗೆ ಕಂಪನಿ ಒಂದೇ ವಿಳಾಸ ಹಂಚಿದೆ ಅಂತ. ಸಿಮ್ ಹಾಕುವ ರೂಟರುಗಳಲ್ಲಿ ಸಾಮಾನ್ಯವಾಗಿ ಇದೇ ಪಾಡು. ಹೊರಗಿಂದ ಯಾರೂ ನಿಮ್ಮ ಬಾಗಿಲಿಗೆ ಬರಲಾರರು, ನೀವೂ ಸಹ! ಆಗ ಕಂಪನಿಯವರಲ್ಲಿ 'ಪಬ್ಲಿಕ್ ಐಪಿ' ಕೇಳಬೇಕು. ಕೊಡದಿದ್ದರೆ ಟೈಲ್‌ಸ್ಕೇಲ್‌ನಂಥದ್ದು ಹಾಕಲು ಬರುವ ರೂಟರ್ ಬೇಕು. ಅದಕ್ಕೆ ಪಬ್ಲಿಕ್ ಐಪಿ ಬೇಕಿಲ್ಲ.

ರೂಟರ್ ಕೊಳ್ಳುವಾಗ 'ವಿಪಿಎನ್ ಸರ್ವರ್' ಇದೆಯಾ ಕೇಳಿ. 'ಕ್ಲೈಂಟ್' ಮಾತ್ರ ಇದ್ದರೆ ನಮ್ಮ ಕೆಲಸಕ್ಕೆ ಬಾರದು. ಇರುವ ಬಗೆಗಳಲ್ಲಿ ವೈರ್‌ಗಾರ್ಡ್ ಹಗುರ. ಪಿಪಿಟಿಪಿ ಹಳೇದು, ಭದ್ರವಿಲ್ಲ, ಮುಟ್ಟಬೇಡಿ. ವೈರ್‌ಗಾರ್ಡ್‌ಗೂ ಒಂದು ಪೋರ್ಟ್ ಬೇಕು, ಸಾಮಾನ್ಯವಾಗಿ ಯುಡಿಪಿ 51820. ಆದರೆ ಕೀಲಿ ಇಲ್ಲದವನು ಎಷ್ಟು ತಟ್ಟಿದರೂ ಅದು ಓಗೊಡೋದಿಲ್ಲ. ಕಂಪನಿಯ ಡಬ್ಬಿಯ ಹಿಂದೆ ನಿಮ್ಮ ರೂಟರ್ ಕೂರಿಸಿದ್ದರೆ, ಆ ಡಬ್ಬಿಯಿಂದ ಈ ಪೋರ್ಟ್ ಒಂದನ್ನೇ ಒಳಕ್ಕೆ ತಿರುಗಿಸಿ. ಕ್ಯಾಮೆರಾದ ಹಳೇ ಪೋರ್ಟ್ ಮುಚ್ಚಿಸಿ.

ಬಹಳ ಜನ ಎಡವೋದು ಇಲ್ಲಿ: ಹೊಲದ ಮನೆಯಲ್ಲೂ 192.168.1.1, ಪಟ್ಟಣದ ಮಗನ ಮನೆಯಲ್ಲೂ 192.168.1.1. ಎರಡು ಹೊಲಕ್ಕೆ ಒಂದೇ ಸರ್ವೆ ನಂಬರ್ ಇದ್ದ ಹಾಗೆ. ಮಗನ ಮನೆ ವೈಫೈಯಿಂದ ನೋಡಲು ಹೋದರೆ ಫೋನಿಗೆ ದಾರಿ ತಪ್ಪುತ್ತದೆ. ಹೊಲದ್ದನ್ನು 192.168.57.1 ಅಂತಲೋ ಏನೋ ಬೇರೆ ಮಾಡಿಕೊಳ್ಳಿ. ಕ್ಯಾಮೆರಾದ ಅಂಕಿಯೂ ಅದಕ್ಕೆ ಹೊಂದಬೇಕು.

ಕರೆಂಟು ಹೋಗಿ ಬಂದಾಗ ಪಬ್ಲಿಕ್ ಐಪಿಯೂ ಬದಲಾಗಬಹುದು. ರೂಟರಿನಲ್ಲಿ 'ಡಿಡಿಎನ್ಎಸ್' ಹಾಕಿದರೆ ಅಂಕಿ ಬದಲಾದರೂ ಹೆಸರಿನಿಂದ ಹುಡುಕಬಹುದು. ರೂಟರಿಗೊಂದು ಸಣ್ಣ ಯುಪಿಎಸ್ ಇದ್ದರೆ ಇನ್ನೂ ಮೇಲು.

ಪ್ರತಿ ಫೋನಿಗೂ ಬೇರೆ ಕೀಲಿ ಮಾಡಿ. ಕೀಲಿಯ ಕ್ಯೂಆರ್ ಚಿತ್ರವನ್ನು ವಾಟ್ಸಾಪಿನಲ್ಲಿ ಹಂಚಬೇಡಿ, ಎದುರಿಗೇ ಸ್ಕ್ಯಾನ್ ಮಾಡಿಸಿ. ಫೋನ್ ಕಳೆದರೆ ಆ ಕೀಲಿಯೊಂದನ್ನು ಅಳಿಸಿದರಾಯ್ತು. ಎಲ್ಲ ಆದ ಮೇಲೆ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲೇ ರೊಪ್ಪ ಕಾಣುತ್ತದಾ ನೋಡಿ. ವಿಪಿಎನ್ ಬಂದ್ ಮಾಡಿದಾಗ ಕಾಣಬಾರದು.