ಗಣಿಯಿಂದ ಹೊರಬಿದ್ದ ಗಾಳಿಯಲ್ಲಿ ಕರೆಂಟು ಸಿಗುತ್ತದೆಯೇ?

ಪ್ರಶ್ನೆ: ನಮ್ಮ ತಾಲ್ಲೂಕಿನ ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. ಈಗ ಕಲ್ಲಿದ್ದಲು ಗಣಿ ಹೊರಬಿಡುವ ಗಾಳಿಯಿಂದಲೇ ಕರೆಂಟು ತೆಗೆಯುತ್ತಾರಂತೆ. ಆ ಗಾಳಿಯಲ್ಲಿ ಮೀಥೇನ್ ಶೇ. 1ರಷ್ಟೂ ಇರುವುದಿಲ್ಲವಲ್ಲ, ಅದು ಉರಿಯುವುದು ಹೇಗೆ?
– ಓದುಗರೊಬ್ಬರು, ಮುತ್ತತ್ತಿ, ಮಳವಳ್ಳಿ ತಾಲ್ಲೂಕು

ಉತ್ತರ: ಜ್ವಾಲೆಯಾಗಿ ಉರಿಯುವುದಿಲ್ಲ, ನಿಮ್ಮ ಅನುಮಾನ ಸರಿಯೇ. ಗಾಳಿಯಲ್ಲಿ ಮೀಥೇನ್ ಸುಮಾರು ಶೇ. 5ರಿಂದ 15ರಷ್ಟಿದ್ದರೆ ಮಾತ್ರ ಕಿಡಿಗೆ ಹೊತ್ತಿಕೊಳ್ಳುತ್ತದೆ. ಆ ಮಟ್ಟ ಮುಟ್ಟಿದರೆ ಸ್ಫೋಟವಾದೀತೆಂದೇ ನೆಲದಡಿಯ ಗಣಿಗಳಿಗೆ ದೊಡ್ಡ ಫ್ಯಾನುಗಳಿಂದ ಗಾಳಿ ಹಾಯಿಸುತ್ತಾರೆ. ನಮ್ಮ ದೇಶದ ನಿಯಮದಂತೆ ಗಣಿಯ ಯಾವುದೇ ವಿಭಾಗದಿಂದ ಮರಳುವ ಗಾಳಿಯಲ್ಲಿ ಅದು ಶೇ. 0.75 ಮೀರಬಾರದು. ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನೇ ಇರುವುದರಿಂದ ಒಲೆ ಹೊತ್ತುತ್ತದೆ. ಗಣಿಯ ಗಾಳಿಗೆ ಆ ಶಕ್ತಿಯಿಲ್ಲ.

ಆದರೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಎಷ್ಟೇ ತೆಳುವಾದ ಮೀಥೇನ್ ಕೂಡ ಜ್ವಾಲೆಯಿಲ್ಲದೆ ಆಮ್ಲಜನಕದೊಡನೆ ಸೇರುತ್ತದೆ. ತೊಡಕಿರುವುದು ಲೆಕ್ಕದಲ್ಲಿ. ಶೇ. 0.1 ಮೀಥೇನ್ ಪೂರ್ತಿ ಉರಿದರೂ ಗಾಳಿಯ ಬಿಸಿ ಏರುವುದು ಸುಮಾರು 25 ಡಿಗ್ರಿ. ಸಾವಿರ ಡಿಗ್ರಿಗೆ ಕಾಯಿಸಿ, ಆ ಬಿಸಿಯನ್ನು ಚಿಮಣಿಯಲ್ಲಿ ಬಿಟ್ಟರೆ ನಷ್ಟವೇ.

ಇಲ್ಲಿ ಕೆಲಸಕ್ಕೆ ಬರುವುದು ಹರಿವು ತಿರುಗಿಸುವ ರಿಯಾಕ್ಟರ್. ದೊಡ್ಡ ಪೆಟ್ಟಿಗೆಯ ತುಂಬ ಸೆರಾಮಿಕ್ ತುಂಡುಗಳಿರುತ್ತವೆ. ಮೊದಲು ಮಧ್ಯಭಾಗವನ್ನು ಕರೆಂಟಿನಿಂದಲೋ ಗ್ಯಾಸಿನಿಂದಲೋ ಕಾಯಿಸುತ್ತಾರೆ. ಗಣಿಯ ಗಾಳಿ ಒಂದು ಬದಿಯಿಂದ ನುಗ್ಗಿ, ಬಿಸಿಯಾಗುತ್ತ ಮಧ್ಯಕ್ಕೆ ಬಂದು ಉರಿಯುತ್ತದೆ. ಇನ್ನೊಂದು ಬದಿಯ ಸೆರಾಮಿಕ್‌ಗೆ ಬಿಸಿ ಒಪ್ಪಿಸಿ ತಣ್ಣಗಾಗಿ ಹೊರಬೀಳುತ್ತದೆ. ಬೆಂಕಿ ಆರಿದ ಮೇಲೂ ಆಲೆಮನೆಯ ಒಲೆಗೋಡೆ ಬಿಸಿ ಹಿಡಿದಿರುವಂತೆ ಸೆರಾಮಿಕ್ ಅದನ್ನು ಹಿಡಿದಿಡುತ್ತದೆ. ಹೀಗೇ ಬಿಟ್ಟರೆ ಬಿಸಿಯ ಪಟ್ಟೆ ಗಾಳಿಯೊಡನೆ ಸರಿಯುತ್ತ ಹೊರಗೇ ಹೋಗಿಬಿಡುತ್ತದೆ. ಅದಕ್ಕೇ ಕೆಲ ನಿಮಿಷಕ್ಕೊಮ್ಮೆ ವಾಲ್ವು ತಿರುಗಿಸಿ ಗಾಳಿಯನ್ನು ಎದುರು ಬದಿಯಿಂದ ಬಿಡುತ್ತಾರೆ. ಈ ಉಪಾಯದಿಂದ ಶೇ. 0.2ರಷ್ಟು ಮೀಥೇನ್ ಇದ್ದರೂ ರಿಯಾಕ್ಟರ್ ತನ್ನ ಬಿಸಿಯಲ್ಲೇ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರಷ್ಟೇ ಮಿಕ್ಕ ಬಿಸಿಯನ್ನು ಮಧ್ಯದಿಂದ ಸೆಳೆದು ಬಾಯ್ಲರಿಗೆ ಕೊಡಬಹುದು. ವೇಗವರ್ಧಕ ಹಾಕಿದರೆ ಇನ್ನೂ ಕಡಿಮೆ ಬಿಸಿ ಸಾಕು.

ಆಸ್ಟ್ರೇಲಿಯದ ವೆಸ್ಟ್ ಕ್ಲಿಫ್ ಗಣಿಯಲ್ಲಿ 2007ರಲ್ಲಿ ಹೀಗೆ ಉಗಿ ಮಾಡಿ 6 ಮೆಗಾವ್ಯಾಟ್ ಟರ್ಬೈನ್ ತಿರುಗಿಸಿದರು. ಗಂಟೆಗೆ ಎರಡೂವರೆ ಲಕ್ಷ ಘನ ಮೀಟರ್ ಗಾಳಿ, ಅದರಲ್ಲಿ ಮೀಥೇನ್ ಸುಮಾರು ಶೇ. 0.9.

ಕರ್ನಾಟಕದಲ್ಲಿ ಇದಕ್ಕೆ ಜಾಗವಿಲ್ಲ. ಕೋಲಾರದ ಗಣಿ ಚಿನ್ನದ್ದು, 2001ರಲ್ಲೇ ಮುಚ್ಚಿತು; ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಂಥ ಹೊರಗಿನ ಗಣಿಗಳಿಂದ ಬರಬೇಕು. ದೇಶದ ಕಲ್ಲಿದ್ದಲಿನಲ್ಲಿ ಶೇ. 90ಕ್ಕೂ ಹೆಚ್ಚು ತೆರೆದ ಗಣಿಗಳದ್ದು, ಅಲ್ಲಿ ಹಿಡಿಯಲು ಫ್ಯಾನಿನ ಗಾಳಿಯೇ ಇಲ್ಲ. ಜಾರ್ಖಂಡಿನ ಝರಿಯಾ ಪ್ರದೇಶದ ಮೂನಿಡೀಹ್‌ನಂಥ, ಗ್ಯಾಸ್ ಹೆಚ್ಚಿರುವ ಆಳದ ಗಣಿಗಳಲ್ಲಿ ಯೋಚಿಸಬಹುದು.

ಹಾಗಿದ್ದರೂ ಇದನ್ನು ಕರೆಂಟಿನ ಲಾಭವೊಂದರಿಂದಲೇ ಅಳೆಯಬಾರದು. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ ಸುಮಾರು 28 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಅದೇ ಕೆಜಿಯನ್ನು ಉರಿಸಿದರೆ ಹೊರಬರುವುದು 2.75 ಕೆಜಿ ಮಾತ್ರ. ಒಂದು ಯೂನಿಟ್ ಕರೆಂಟು ಸಿಗದಿದ್ದರೂ ಉರಿಸುವುದೇ ಮೇಲು.