ತೂಕದ ಮಾತು, ಮನಸ್ಸಿನ ಗಾಯ

ಹಬ್ಬಕ್ಕೋ ಮದುವೆಗೋ ನೆಂಟರು ಸೇರಿದರೆ ನಮ್ಮ ನಿಟ್ಟೂರಿನ ಕಡೆ ಕುಶಲ ಕೇಳುವ ಮೊದಲೇ ಮೈಯ ಮಾತು ಬರುತ್ತದೆ. ಹಿಂದೆ "ಯಾಕವ್ವಾ, ಹಿಂಗೆ ಸೊರಗಿದ್ದೀಯ?" ಎನ್ನುತ್ತಿದ್ದರು. ಈಗ "ಏನಮ್ಮಾ, ಇಷ್ಟು ದಪ್ಪ ಆಗಿದ್ದೀಯ? ನಾಳೆ ಗಂಡು ಸಿಗಬೇಡವೇ?" ಎನ್ನುತ್ತಾರೆ. ಗಂಡುಮಕ್ಕಳಿಗೆ 'ಡುಮ್ಮ', 'ಕಡ್ಡಿ' ಎಂಬ ಅಡ್ಡಹೆಸರು. ಹೇಳಿದವರು ಊಟ ಮುಗಿಸಿ ಮರೆಯುತ್ತಾರೆ. ಕೇಳಿದ ಮಗು ಮರೆಯುವುದಿಲ್ಲ. ಮಾರನೆಯ ದಿನದಿಂದ ತಟ್ಟೆಯ ಮುದ್ದೆ ಚಿಕ್ಕದಾಗುತ್ತದೆ.

2022ರ ಮೇ ತಿಂಗಳಲ್ಲಿ ಕನ್ನಡ ಧಾರಾವಾಹಿ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ದೇಹದ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿದ್ದ ಆಕೆಗೆ ಆಗ ಕೇವಲ 21 ವರ್ಷ. ತಮಗೆ ತಿಳಿಸದೆ ಹೋಗಿದ್ದಳೆಂದು ಹೆತ್ತವರು ಹೇಳಿದರು. ಆ ಮನೆಯವರನ್ನಾಗಲಿ ಮಗಳನ್ನಾಗಲಿ ದೂರುವುದು ನಮಗೆ ಸಲ್ಲದು. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಮ್ಮ ಮಕ್ಕಳಿಗೆ ತಮ್ಮ ಮೈಯ ಬಗ್ಗೆ ಸಂಕಟವಾದರೆ, ಅದನ್ನು ನಮ್ಮೆದುರು ಹೇಳಿಕೊಳ್ಳುವ ಧೈರ್ಯ ಅವರಿಗಿದೆಯೇ?

ಹಾಗಾದರೆ ತೂಕದ ಮಾತೇ ಬೇಡವೇ? ಹಾಗಲ್ಲ. ಅತಿಯಾದ ಬೊಜ್ಜಿನಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಅಪಾಯ ಹೆಚ್ಚುತ್ತದೆ. ಆದರೆ ಮೈಕಟ್ಟು ಬರಿಯ ಊಟದಿಂದ ಬರುವುದಲ್ಲ. ವಂಶ, ಥೈರಾಯ್ಡ್ ತೊಂದರೆ, ಕೆಲವು ಔಷಧಿಗಳು ಇವೆಲ್ಲ ಸೇರಿರುತ್ತವೆ. ಅದನ್ನು ನೋಡಿ ಹೇಳಬೇಕಾದವರು ವೈದ್ಯರು, ನೆಂಟರಲ್ಲ. ಮಕ್ಕಳು ಊಟ ತಪ್ಪಿಸುವುದು, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ಹುಡುಗಿಯರಿಗೆ ಮುಟ್ಟು ನಿಲ್ಲುವುದು ಕಂಡರೆ ಬೈಯದೆ ವೈದ್ಯರ ಬಳಿ ಕರೆದೊಯ್ಯಿರಿ. ಮನಸ್ಸಿನ ನೋವಿಗೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಸಿಗುತ್ತದೆ. ತಪಸ್ಸುಕಾಲದ ಉಪವಾಸ ದೇವರ ಮೇಲಿನ ಪ್ರೀತಿಯಿಂದ ಹುಟ್ಟುವುದು. ನಾಚಿಕೆಯಿಂದ ಹಸಿದಿರುವುದು ಉಪವಾಸವಲ್ಲ, ನೋವು.

ಪ್ರವಾದಿ ಸಮುವೇಲನೂ ಜೆಸ್ಸೆಯನ ಮನೆಯಲ್ಲಿ ಹಿರಿಮಗನ ಎತ್ತರ, ಮೈಕಟ್ಟು ನೋಡಿ ಮರುಳಾದ. ದೇವರು ತಡೆದು, ಕುರಿ ಕಾಯುತ್ತಿದ್ದ ಕಿರಿಯವನನ್ನು ಕರೆಸಿದರು. ಆದರೂ ಅದೇ ಅಧ್ಯಾಯ ದಾವೀದನ ಚೆಲುವನ್ನು ಹೇಳಲು ಮರೆಯುವುದಿಲ್ಲ. ಚೆಲುವು ಪಾಪವಲ್ಲ, ಅದರಿಂದಲೇ ಮನುಷ್ಯನನ್ನು ಅಳೆಯುವುದು ತಪ್ಪು.

ಈ ವಾರ ಮನೆಯಲ್ಲಿ ಒಂದು ನಿಯಮ ಮಾಡಿಕೊಳ್ಳಿ: ಊಟಕ್ಕೆ ಕೂತಾಗ ಯಾರ ಮೈಯ ಬಗ್ಗೆಯೂ ಮಾತಿಲ್ಲ. ಎಣ್ಣೆ ತಿಂಡಿ ಕಡಿಮೆ ಮಾಡುವುದಾದರೆ ಎಲ್ಲರ ತಟ್ಟೆಯಲ್ಲೂ ಕಡಿಮೆಯಾಗಲಿ. ಸಂಜೆ ನಡೆಯುವುದಾದರೆ ಎಲ್ಲರೂ ನಡೆಯಿರಿ. ನೆಂಟರು ಮಾತೆತ್ತಿದರೆ ಮಗಳು ತಲೆ ತಗ್ಗಿಸುವ ಮೊದಲೇ ತಂದೆ ಹೇಳಲಿ: "ನಮ್ಮ ಹುಡುಗಿ ಚೆನ್ನಾಗಿದ್ದಾಳೆ, ನೀವು ಊಟಕ್ಕೆ ಬನ್ನಿ."