ಪಾರಿವಾಳ ದೂರವಿರಲಿ, ನೋವಿಲ್ಲದೆ

ತಿಂಗಳುಗಟ್ಟಲೆ ಬಿಡದ ಒಣಕೆಮ್ಮು. ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು. ಧೂಮಪಾನದ ಅಭ್ಯಾಸವಿಲ್ಲ, ಕಫ ಪರೀಕ್ಷೆಯಲ್ಲಿ ಕ್ಷಯವೂ ಕಂಡಿಲ್ಲ. ಇಂತಹ ರೋಗಿಗೆ ವೈದ್ಯರು ಕೇಳುವ ಒಂದು ಪ್ರಶ್ನೆ ವಿಚಿತ್ರವಾಗಿ ತೋರಬಹುದು: “ನಿಮ್ಮ ಮನೆಯ ಬಾಲ್ಕನಿಗೆ ಪಾರಿವಾಳ ಬರುತ್ತವೆಯೇ?”

ಪಾರಿವಾಳ ಮೂಲತಃ ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟುವ ಹಕ್ಕಿ. ನಮ್ಮ ಬಹುಮಹಡಿ ಕಟ್ಟಡಗಳ ಸಜ್ಜಾ, ಕಿಟಕಿಯ ಅಂಚು, ಏರ್ ಕಂಡಿಷನರ್ ಪೆಟ್ಟಿಗೆಯ ಹಿಂಬದಿ ಅದಕ್ಕೆ ಬಂಡೆಯ ಸಂದಿಯಂತೆಯೇ.

ಕಾಯಿಲೆ ಹೇಗೆ ಬರುತ್ತದೆ?

ಒಣಗಿದ ಹಿಕ್ಕೆ ಮತ್ತು ಗರಿಯ ಸೂಕ್ಷ್ಮ ಧೂಳು ಉಸಿರಿನೊಂದಿಗೆ ಶ್ವಾಸಕೋಶ ಸೇರುತ್ತದೆ. ಕೆಲವರ ದೇಹ ಇದಕ್ಕೆ ಅತಿಯಾಗಿ ಪ್ರತಿಕ್ರಿಯಿಸುವುದರಿಂದ ಉರಿಯೂತ ಉಂಟಾಗುತ್ತದೆ. ಇದೇ ‘ಹೈಪರ್‌ಸೆನ್ಸಿಟಿವಿಟಿ ನ್ಯೂಮೊನೈಟಿಸ್’. ಧೂಳು ಸೇವಿಸಿದ ಕೆಲವು ಗಂಟೆಗಳಲ್ಲಿ ಚಳಿ, ಜ್ವರ, ಕೆಮ್ಮು ಕಾಣಿಸಬಹುದು. ಅಥವಾ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯಬಹುದು. ಅಲಕ್ಷಿಸಿದರೆ ಶ್ವಾಸಕೋಶ ಗಡುಸಾಗುತ್ತದೆ. ಹಾಗಾದ ಭಾಗ ಮತ್ತೆ ಮೊದಲಿನಂತಾಗದು. 2017ರಲ್ಲಿ ಪ್ರಕಟವಾದ, ಭಾರತದ 19 ನಗರಗಳ ಅಧ್ಯಯನದಲ್ಲಿ ಇಂತಹ ಶ್ವಾಸಕೋಶ ರೋಗಗಳಿದ್ದ 1,084 ಜನರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಇದೇ ಕಾಯಿಲೆ ಇತ್ತು. ಹಕ್ಕಿಗಳಲ್ಲದೆ ಏರ್ ಕೂಲರ್‌ಗಳೂ ಅದಕ್ಕೆ ಕಾರಣವಾಗಿದ್ದವು.

ಹಳೆಯ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ, ರೋಗನಿರೋಧಕ ಶಕ್ತಿ ಕುಂದಿದವರ ಮೆದುಳಿಗೂ ಸೋಂಕು ತರಬಲ್ಲದು.

ಹಿಂಸೆಯಿಲ್ಲದ ಉಪಾಯಗಳು

* ಕಾಳು ಹಾಕುವುದನ್ನು ನಿಲ್ಲಿಸಿ. ಇದು ಪುಣ್ಯದ ಕೆಲಸವೆಂಬ ಭಾವನೆ ನಮ್ಮಲ್ಲಿದೆ. ಆದರೆ ನಿತ್ಯ ಆಹಾರ ಸಿಕ್ಕರೆ ಅವು ವರ್ಷವಿಡೀ ಮರಿ ಮಾಡುತ್ತವೆ. ಮುಂಬಯಿಯ ‘ಕಬೂತರ್‌ಖಾನೆ’ಗಳನ್ನು ಮುಚ್ಚಲು 2025ರಲ್ಲಿ ಅಲ್ಲಿನ ಸರ್ಕಾರ ಸೂಚಿಸಿದ್ದೂ ಆರೋಗ್ಯದ ದೃಷ್ಟಿಯಿಂದಲೇ.

* ಬಾಲ್ಕನಿಗೆ ನೈಲಾನ್ ಬಲೆ ಕಟ್ಟಿಸಿ. ಕಣ್ಣು 2 ಅಂಗುಲ ಮೀರದಿರಲಿ, ಬಲೆ ಬಿಗಿಯಾಗಿರಲಿ. ಸಡಿಲ ಬಲೆಯಲ್ಲಿ ಹಕ್ಕಿ ಸಿಕ್ಕಿ ಸಾಯುತ್ತದೆ. ಕಟ್ಟುವ ಮುನ್ನ ಒಳಗೆ ಹಕ್ಕಿ, ಮರಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

* ಸಜ್ಜಾ ಮತ್ತು ಅಂಚುಗಳ ಮೇಲೆ 45 ಡಿಗ್ರಿಗಿಂತ ಹೆಚ್ಚು ಇಳಿಜಾರಾಗಿ ಹಲಗೆ ಕೂರಿಸಿದರೆ ಕಾಲೂರಲು ಆಗುವುದಿಲ್ಲ.

* ಬರಿಯ ಕಡ್ಡಿಗಳಿದ್ದಾಗಲೇ ತೆಗೆದುಹಾಕಿ. ಮೊಟ್ಟೆಯಿದ್ದರೆ ಕಾಯಿರಿ: ಸುಮಾರು 18 ದಿನಕ್ಕೆ ಮರಿ ಹೊರಬರುತ್ತದೆ, ಮತ್ತೆ ಸುಮಾರು ಐದು ವಾರಕ್ಕೆ ಹಾರಿಹೋಗುತ್ತದೆ. ಆನಂತರ ತಡಮಾಡದೆ ಜಾಗ ಮುಚ್ಚಿ.

ಹೊಳೆಯುವ ಪಟ್ಟಿ, ಹಳೆಯ ಸಿ.ಡಿ.ಗಳಿಗೆ ಹಕ್ಕಿ ಕೆಲವೇ ದಿನದಲ್ಲಿ ಒಗ್ಗಿಕೊಳ್ಳುತ್ತದೆ. ಅಂಟು ಮತ್ತು ವಿಷದ ಕಾಳು ಬೇಡವೇ ಬೇಡ. ಅದು ಕ್ರೌರ್ಯ, ಇತರ ಪ್ರಾಣಿಗಳಿಗೂ ಅಪಾಯ. ಒಂದೇ ಮನೆಗೆ ಬಲೆ ಹಾಕಿದರೆ ಹಕ್ಕಿ ಪಕ್ಕದ ಮನೆಗೆ ಹೋಗುತ್ತದೆ. ಆದ್ದರಿಂದ ಕಟ್ಟಡದವರೆಲ್ಲ ಸೇರಿ ಮಾಡುವುದು ಒಳಿತು.

ಶುಚಿ ಮಾಡುವಾಗ ಎಚ್ಚರ

ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು; ಧೂಳು ನೇರ ಮೂಗಿಗೆ ಬರುತ್ತದೆ. ಒಳಬಾಗಿಲು ಮುಚ್ಚಿ, ಎನ್-95 ಮುಖಗವಸು, ಕೈಗವಸು ಧರಿಸಿ. ಸಾಬೂನು ನೀರು ಮೆಲ್ಲಗೆ ಚಿಮುಕಿಸಿ ಚೆನ್ನಾಗಿ ನೆನೆಸಿ. ನಂತರ ಕೆರೆದು ತೆಗೆದು, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಸೇವಿಸುವವರು ಮತ್ತು ಮಕ್ಕಳು ಈ ಕೆಲಸಕ್ಕೆ ಕೈಹಾಕಬಾರದು.

ಮೂರು ವಾರ ಮೀರಿದ ಕೆಮ್ಮು, ಹೆಚ್ಚುತ್ತಿರುವ ಏದುಸಿರು ಇದ್ದರೆ ಬರಿಯ ಕೆಮ್ಮಿನ ಸಿರಪ್ ಕುಡಿದು ಕೂರಬೇಡಿ. ವೈದ್ಯರನ್ನು ಕಾಣಿ. ಅವರು ಕೇಳದಿದ್ದರೂ ಬಾಲ್ಕನಿಯ ಪಾರಿವಾಳಗಳ ವಿಷಯ ತಿಳಿಸಿ. ಹಕ್ಕಿಯ ಧೂಳಿನಿಂದ ದೂರವಾಗದೆ ಯಾವ ಔಷಧಿಯೂ ಪೂರ್ಣ ಫಲ ಕೊಡದು.